ರಗ್ಬಿ ಟೂರ್ ತಂಡ ಬರ್ತೀವಿ ಅಂದರೆ ಹೂಂ ಅನ್ನುವ ಮುಂಚೆ ಇದನ್ನು ಓದಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹುಡುಗರಿಗೆ ಆಟ ಕಲಿಸುವವರು, ಪಿ.ಟಿ. ಮಾಸ್ತರರು, ಕ್ಲಬ್ ನಡೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೊರಗಿನ ಊರಿನ ಮಕ್ಕಳ ತಂಡ ಟೂರ್ ಬರುತ್ತದೆ, ನೀವು ಸ್ವಲ್ಪ ವ್ಯವಸ್ಥೆ ನೋಡಿಕೊಳ್ಳಿ ಎಂದು ಯಾರಾದರೂ ಫೋನ್ ಮಾಡಿದರೆ ಮೊದಲು ಒಂದು ವಿಷಯ ಕೇಳಿ. ಆ ಮಕ್ಕಳಿಗೆ ಏನಾದರೂ ಆದರೆ ಉತ್ತರ ಕೊಡುವ ದೊಡ್ಡವರು ಯಾರು, ಅವರು ಮಕ್ಕಳ ಜೊತೆಗೇ ಇರುತ್ತಾರಾ? ಇದಕ್ಕೆ ನೇರ ಉತ್ತರ ಸಿಗದಿದ್ದರೆ ಮುಂದಿನ ಮಾತೇ ಬೇಡ.

ನಮಗೆ ಬೇಸಿಗೆ ರಜೆಗೆ ಮುಂಚೆ ಇಂಥದ್ದೇ ಫೋನ್ ಬಂತು. ಮಹಾರಾಷ್ಟ್ರದ 16 ವರ್ಷದೊಳಗಿನ ಹುಡುಗರ ತಂಡ, ಹುಬ್ಬಳ್ಳಿಯಲ್ಲಿ ಉಳಿದು, ಧಾರವಾಡದಲ್ಲಿ ನಮ್ಮ ಹುಡುಗರ ಜೊತೆ ಆಡಿ, ಅಲ್ಲಿಂದ ಗೋವಾಕ್ಕೆ ಹೋಗುತ್ತದೆ ಅಂತ. ಫೋನ್ ಮಾಡಿದವರು ತಂಡದವರಲ್ಲ, ಹೀಗೆ ಟೂರ್ ಮಾಡಿಸುವ ಮನುಷ್ಯ. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು. "ನೀವು ಏನೂ ಕಾಳಜಿ ಮಾಡಬ್ಯಾಡ್ರಿ ಸರ, ಡಾಕ್ಟರ್ ನಮ್ಮವರ ಇರ್ತಾರ, ಇನ್ಶೂರೆನ್ಸ್ ಆಗೇತಿ, ರೊಕ್ಕ ಎಲ್ಲಾ ಕಡೀ ದಿನ ಚುಕ್ತಾ ಮಾಡ್ತೀನಿ" ಅಂದರು.

ನಮ್ಮ ಕಡೆ ರಗ್ಬಿ ಆಡುವವರು ಬೆರಳೆಣಿಕೆಯಷ್ಟು. ಕಬಡ್ಡಿ ಆಡಿ ಬಂದ ಹುಡುಗರು ಹಿಡಿದು ಕೆಡವುವುದನ್ನು ಬೇಗ ಕಲಿಯುತ್ತಾರೆ, ಆದರೆ ಎದುರಿಗೆ ಆಡುವ ತಂಡವೇ ಸಿಗುವುದಿಲ್ಲ. 15 ಜನರ ತಂಡ ಕಟ್ಟುವುದಂತೂ ದೂರದ ಮಾತು, ಅದಕ್ಕೆ ನಾವು ಆಡಿಸುವುದು ಸೆವೆನ್ಸ್. ತಂಡಕ್ಕೆ 7 ಜನ, 7 ನಿಮಿಷದ ಎರಡು ಅರ್ಧ, 2016ರ ರಿಯೊ ಒಲಿಂಪಿಕ್ಸ್‌ನಿಂದ ಒಲಿಂಪಿಕ್ಸ್‌ನಲ್ಲಿರುವುದೂ ಇದೇ. ಇಂಥ ಕಡೆ ಹೊರಗಿನ ತಂಡವೊಂದು ತಾನಾಗಿ ಬರುತ್ತೇನೆ ಅಂದರೆ ಹುಡುಗರಿಗೆ ಎಷ್ಟು ಖುಷಿ ಆಗುತ್ತದೆ ಅಲ್ವಾ? ಈ ಟೂರ್ ಮಾಡಿಸುವವರಿಗೂ ಅದು ಚೆನ್ನಾಗಿ ಗೊತ್ತಿರುತ್ತದೆ.

ತಂಡ ಬಂದ ದಿನವೇ ತೊಂದರೆ ಶುರುವಾಯಿತು. ಮಕ್ಕಳನ್ನು ಕಲ್ಯಾಣ ಮಂಟಪದ ಮುಂದೆ ಇಳಿಸಿ ಬಸ್ ವಾಪಸ್ ಹೋಯಿತು. ಮಂಟಪಕ್ಕೆ ಅಡ್ವಾನ್ಸ್ ಕೊಟ್ಟಿದ್ದರು, ಅಷ್ಟೇ. ಜೊತೆಗೆ ಬಂದ ಮ್ಯಾನೇಜರ್ ಮುಂದಿನ ವ್ಯವಸ್ಥೆ ನೋಡಬೇಕು ಎಂದು ಅದೇ ರಾತ್ರಿ ಗೋವಾಕ್ಕೆ ಹೊರಟರು. ಉಳಿದವನು ಕೋಚ್ ಒಬ್ಬ, ಅವನಿಗೇ ಇನ್ನೂ ಇಪ್ಪತ್ತು ಆಸುಪಾಸಿನ ವಯಸ್ಸು. ಅಷ್ಟು ಮಕ್ಕಳಿಗೆ ಅವನೊಬ್ಬನೇ ದೊಡ್ಡವನು. ಮರುದಿನ ಧಾರವಾಡಕ್ಕೆ ಹೋಗಲು ಗಾಡಿ ಇಲ್ಲ. ಕಿಟ್ ಬ್ಯಾಗ್ ಹೊತ್ತ ಹುಡುಗರನ್ನು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿಗೆ ಹತ್ತಿಸಿ, ಟಿಕೆಟ್ ನಾವೇ ತೆಗೆಸಿ, ಕರೆದುಕೊಂಡು ಹೋದೆವು.

ಗ್ರೌಂಡ್ ವಿಷಯ ಸ್ವಲ್ಪ ಹೇಳಲೇಬೇಕು, ಏಕೆಂದರೆ ಏಟು ಬೀಳುವುದು ಅಲ್ಲೇ. ಬೇಸಿಗೆಯಲ್ಲಿ ನಮ್ಮ ಎರೆ ನೆಲ ಬಿರುಕು ಬಿಡುತ್ತದೆ, ಗರಸು ಹಾಕಿದ ಮೈದಾನ ಕಲ್ಲಾಗಿರುತ್ತದೆ. ಹುಲ್ಲಿನ ಮೇಲೆ ಆಡಿದ ಹುಡುಗನಿಗೆ ಇಲ್ಲಿ ಬಿದ್ದರೆ ಏನಾಗುತ್ತದೆ ಎಂಬ ಅಂದಾಜೇ ಇರುವುದಿಲ್ಲ. ರಗ್ಬಿಯ ಗೋಲ್ ಕಂಬಕ್ಕೆ ಸುತ್ತಲೂ ದಪ್ಪ ಪ್ಯಾಡ್ ಕಟ್ಟಬೇಕು, ಓಡಿಬಂದ ಹುಡುಗ ಗುದ್ದಿಕೊಳ್ಳಬಾರದು ಅಂತ. ಪ್ಯಾಡ್ ನಾವು ತರುತ್ತೇವೆ ಎಂದಿದ್ದರು, ತರಲಿಲ್ಲ. ನಮ್ಮ ಹುಡುಗರು ಮನೆಯಿಂದ ಹಳೇ ಗಾದಿ ತಂದು ಹಗ್ಗದಿಂದ ಬಿಗಿದರು. ಡಾಕ್ಟರ್ ಬರಲೇ ಇಲ್ಲ. ಇಂಥ ನೆಲದ ಮೇಲೆ ಟ್ಯಾಕಲ್, ಅಂದರೆ ಹಿಡಿದು ಕೆಡವುವುದು, ಬೇಡ, ಮುಟ್ಟಿದರೆ ಸಾಕು ಅನ್ನುವ ಟಚ್ ರಗ್ಬಿ ಆಡಿಸೋಣ ಎಂದು ನಾವು ಹೇಳಿದೆವು. ಪಾಲಕರು ಮ್ಯಾಚ್ ಅಂತ ದುಡ್ಡು ಕೊಟ್ಟಿದ್ದಾರೆ, ಮೇಲಿನವರು ನನ್ನನ್ನು ಬೈತಾರೆ ಎಂದು ಕೋಚ್ ಒಪ್ಪಲಿಲ್ಲ.

ಎರಡನೇ ಅರ್ಧದಲ್ಲಿ ಅವರ ಕಡೆಯ ಹುಡುಗನೊಬ್ಬ ಟ್ಯಾಕಲ್‌ನಲ್ಲಿ ಬಿದ್ದು ಅವನ ತಲೆ ನೆಲಕ್ಕೆ ಬಡಿಯಿತು. ಎದ್ದು ನಿಂತ, ರಕ್ತ ಇಲ್ಲ, ಎಲ್ಲರೂ ಚಪ್ಪಾಳೆ ಹೊಡೆದರು. ಆದರೆ ಸ್ಕೋರ್ ಎಷ್ಟು ಎಂದು ಕೇಳಿದ, ಹೇಳಿದೆವು, ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದ, ಮತ್ತೆ ಕೇಳಿದ. ಯಾವ ಊರಲ್ಲಿ ಆಡುತ್ತಿದ್ದೀಯಾ ಅಂದರೆ ಹೇಳಲು ಬರಲಿಲ್ಲ. ಕೋಚ್ ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಒಳಗೆ ಕಳಿಸಲು ಹೊರಟಿದ್ದ. ನಾವು ಅಡ್ಡ ನಿಂತೆವು. ತಲೆಗೆ ಪೆಟ್ಟಾಗಿ ಕನ್ಕಷನ್ (ಪೆಟ್ಟಿಗೆ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವುದು) ಆಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಅವನನ್ನು ಹೊರಗೆ ಕರೆದು ಕೂರಿಸಬೇಕು, ಆ ದಿನ ಮತ್ತೆ ಆಡಿಸಲೇಬಾರದು. ಇದು ರಗ್ಬಿಯ ಜಾಗತಿಕ ಸಂಸ್ಥೆಯಾದ ವರ್ಲ್ಡ್ ರಗ್ಬಿಯ ನಿಯಮ. ಪ್ರಜ್ಞೆ ತಪ್ಪದೆಯೂ ಕನ್ಕಷನ್ ಆಗುತ್ತದೆ. ವಾಂತಿ ಮೇಲೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಎರಡೆರಡು ಕಾಣುವುದು, ಕೈಕಾಲು ಜೋಮು ಹಿಡಿಯುವುದು, ಕತ್ತು ನೋವು, ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಫೋನ್ ಮಾಡಿ. ಕತ್ತು ನೋವು ಅಂದರೆ ಹುಡುಗನನ್ನು ಎತ್ತಿ ಕೂರಿಸಲು ಹೋಗಬೇಡಿ, ಇದ್ದಲ್ಲೇ ಅಲುಗಾಡದಂತೆ ಇರಲಿ.

ಈ ಹುಡುಗನಿಗೆ ವಾಂತಿ ಶುರುವಾಯಿತು. ದವಾಖಾನೆಗೆ ಸೇರಿಸಿದೆವು. ಅಲ್ಲಿ ಚಿಕಿತ್ಸೆ ಕೂಡಲೇ ಶುರುಮಾಡಿದರು, ಅದಕ್ಕೆ ಅವರಿಗೆ ಋಣಿ. ಆದರೆ ಡಾಕ್ಟರ್ ಕೇಳಿದ್ದಕ್ಕೆ ಉತ್ತರವೇ ನಮ್ಮಲ್ಲಿರಲಿಲ್ಲ. ಮುಂಚೆ ತಲೆಗೆ ಪೆಟ್ಟಾಗಿತ್ತಾ? ಯಾವುದಾದರೂ ಔಷಧಿ ಒಗ್ಗುವುದಿಲ್ಲವಾ? ತಂದೆ-ತಾಯಿ ಎಲ್ಲಿ, ಒಪ್ಪಿಗೆ ಯಾರು ಕೊಡುತ್ತಾರೆ? ಕೋಚ್‌ಗೆ ಆ ಹುಡುಗನ ಪೂರ್ತಿ ಹೆಸರೂ ಗೊತ್ತಿರಲಿಲ್ಲ. ಮಕ್ಕಳ ಮೊಬೈಲ್‌ಗಳನ್ನು ಶಿಸ್ತು ಅಂತ ಹೇಳಿ ಮ್ಯಾನೇಜರ್ ತೆಗೆದುಕೊಂಡು ತಮ್ಮ ಬ್ಯಾಗಿನಲ್ಲಿಟ್ಟುಕೊಂಡಿದ್ದರು. ಆ ಬ್ಯಾಗ್ ಗೋವಾದಲ್ಲಿ. ಅವರ ಫೋನ್ ಸ್ವಿಚ್ ಆಫ್, ಟೂರ್ ಮಾಡಿಸಿದವರದ್ದೂ ಸ್ವಿಚ್ ಆಫ್. ಹದಿನೈದು ವರ್ಷದ ಮಗ ದವಾಖಾನೆಯಲ್ಲಿ ಮಲಗಿದ್ದಾನೆ, ಅವನ ಅಪ್ಪ-ಅಮ್ಮನಿಗೆ ಅದು ಗೊತ್ತೇ ಇಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೊನೆಗೆ ಇನ್ನೊಬ್ಬ ಹುಡುಗನಿಗೆ ತನ್ನ ತಾಯಿಯ ನಂಬರ್ ಬಾಯಿಪಾಠ ಇತ್ತು. ತಂಡಕ್ಕೆ ಊಟ ಕೊಡುತ್ತಿದ್ದ ಖಾನಾವಳಿ ಅಕ್ಕ ಅವರ ಜೊತೆ ಮರಾಠಿಯಲ್ಲಿ ಮಾತಾಡಿದರು, ಅವರ ಮೂಲಕ ಈ ಹುಡುಗನ ತಂದೆ ಸಿಕ್ಕರು. ಅವರು ಹೇಳಿದ್ದು ಕೇಳಿ ನಾವು ಸುಮ್ನೆ ಕೂತುಬಿಟ್ಟೆವು. ಬಸ್ಸು, ಡಾಕ್ಟರ್, ಇನ್ಶೂರೆನ್ಸ್, ಊಟ, ಎಲ್ಲದಕ್ಕೂ ಟೂರ್ ಮಾಡಿಸುವವರು ಪಾಲಕರಿಂದ ತಿಂಗಳ ಮುಂಚೆಯೇ ಪೂರ್ತಿ ದುಡ್ಡು ಕಟ್ಟಿಸಿಕೊಂಡಿದ್ದಾರೆ. ಇನ್ಶೂರೆನ್ಸ್ ಪಾಲಿಸಿ ನಂಬರ್ ಕೇಳಿದರೆ ಆಮೇಲೆ ಕಳಿಸ್ತೀವಿ ಅಂದಿದ್ದರಂತೆ. ಅಂದರೆ ಅಲ್ಲಿ ಪಾಲಕರಿಗೆ ಆಯೋಜಕರೇ ಎಲ್ಲಾ ನೋಡಿಕೊಳ್ಳುತ್ತಾರೆ ಎಂದು ಹೇಳಿ, ಇಲ್ಲಿ ಎಲ್ಲವನ್ನೂ ನಮ್ಮ ತಲೆಗೆ ಕಟ್ಟಿದ್ದರು.

ಹುಡುಗ ಈಗ ಆರಾಮಾಗಿದ್ದಾನೆ. ತಂದೆ ರಾತ್ರಿ ಬಸ್ಸಿಗೆ ಬಂದರು, ಉಳಿದ ಮಕ್ಕಳನ್ನೂ ಪಾಲಕರೇ ಬಂದು ಕರೆದುಕೊಂಡು ಹೋದರು. ಖಾನಾವಳಿ ಬಾಕಿ ಮಾತ್ರ ಹಾಗೇ ಇದೆ. ರೊಟ್ಟಿ ರೂಢಿಯಿಲ್ಲದ ಹುಡುಗರಿಗೆ ಅಂತ ಬೇರೆಯಾಗಿ ಅನ್ನ, ಮೊಟ್ಟೆ ಸಾರು ಮಾಡಿ ಹಾಕಿದ ಹೆಣ್ಣುಮಗಳು ಅವರು. "ಹುಡುಗರು ಉಂಡದ್ದಕ್ಕ ನನಗ ಬ್ಯಾಸರ ಇಲ್ರಿ, ಆದ್ರ ಕಿರಾಣಿ ಅಂಗಡ್ಯಾಗ ನನ್ನ ಹೆಸರಲೇ ಉದ್ರಿ ಐತಿ" ಅಂದರು. ನಾವು ಗೆಳೆಯರೆಲ್ಲ ಸೇರಿ ಒಂದಿಷ್ಟು ಕೊಟ್ಟಿದ್ದೇವೆ, ಪೊಲೀಸ್ ಠಾಣೆಗೆ ದೂರೂ ಕೊಟ್ಟಿದ್ದೇವೆ.

ಹಾಗಂತ ಹೊರಗಿನ ತಂಡ ಬರಲೇಬಾರದು ಅಂತಲ್ಲ. ಬರಲಿ, ಆದರೆ ಮಾತು ಆಡುವಾಗಲೇ ಪ್ರತಿ ಮಗುವಿನ ಪೂರ್ತಿ ಹೆಸರು, ಪಾಲಕರ ನಂಬರ್, ಅವರ ಸಹಿ ಇರುವ ಒಪ್ಪಿಗೆ ಪತ್ರ, ಅಲರ್ಜಿ ಮತ್ತು ಹಳೇ ಪೆಟ್ಟಿನ ವಿವರ ಕೇಳಿ. ಬಂದ ಮೇಲೆ ಕೊಡ್ತೀವಿ ಅಂದರೆ ಒಪ್ಪಬೇಡಿ. ಪಟ್ಟಿಯಿಂದ ಇಬ್ಬರು ಮೂವರು ಪಾಲಕರಿಗೆ ನೀವೇ ಫೋನ್ ಮಾಡಿ, ಯಾವುದಕ್ಕೆ ಎಷ್ಟು ಕಟ್ಟಿದ್ದೀರಿ ಎಂದು ಕೇಳಿ, ಅರ್ಧ ಬಣ್ಣ ಅಲ್ಲೇ ಬಯಲಾಗುತ್ತದೆ. ಊಟದ ದುಡ್ಡು ಖಾನಾವಳಿಯವರಿಗೆ ಮುಂಗಡವಾಗಿ, ನೇರವಾಗಿ ಹೋಗಲಿ. ಜೊತೆಗೆ ಬಂದ ದೊಡ್ಡವರು ಮಕ್ಕಳನ್ನು ಬಿಟ್ಟು ಹೊರಟರೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ 112ಕ್ಕೆ ಹೇಳಿ. ಗದಗಿನ ಗೆಳೆಯರೊಬ್ಬರಿಗೆ ಇಂಥದ್ದೇ ಮಾತಿನ ಫೋನ್ ಬಂದಿದೆಯಂತೆ, ದಸರಾ ರಜೆಗೆ ಅಂತ. ಅವರು ಪಾಲಕರ ಪಟ್ಟಿ ಕೇಳಿದರು. ಆಮೇಲೆ ಆ ಕಡೆಯಿಂದ ಫೋನೇ ಬಂದಿಲ್ಲ.