ಚಿಪ್ ಕಾರ್ವಿಂಗ್ ಚಾಕು ಸೆಟ್: ಎರಡು ವರ್ಷ ಬಳಸಿದ ಮೇಲೆ

ಚಿಪ್ ಕಾರ್ವಿಂಗ್ ಅಂದರೆ ಚಾಕುವಿನಿಂದಲೇ ಮರದ ಸಣ್ಣ ಸಣ್ಣ ಚಕ್ಕೆ ತೆಗೆದು ಮಾಡುವ ಕೆತ್ತನೆ. ಮರದ ಪೆಟ್ಟಿಗೆ ಮೇಲೆ ಕನ್ನಡ ಅಕ್ಷರ ಕೆತ್ತೋಕೆ ಈ ಸೆಟ್ ಸಾಕಾ? ಸಾಕು. ಆದರೆ ಬರುವ ಎರಡು ಚಾಕುಗಳಲ್ಲಿ ಕೆಲಸವೆಲ್ಲ ಒಂದರದ್ದೇ, ಕತ್ತರಿಸುವ ಚಾಕುವಿನದು. ಇನ್ನೊಂದು ಚುಚ್ಚು ಚಾಕು. ಅದು ಚಕ್ಕೆ ತೆಗೆಯುವುದಿಲ್ಲ, ಒತ್ತಿ ಗುರುತು ಮೂಡಿಸುತ್ತದೆ ಅಷ್ಟೆ. ಮುಚ್ಚಳದ ಅಂಚಿಗೆ ಸಾಲು ಗೀಟು ಬೇಕಾದಾಗ ಮಾತ್ರ ಅದು ಹೊರಗೆ ಬರುತ್ತದೆ.

ಸಾಗರ, ಸೊರಬದ ಗುಡಿಗಾರರು ಉಳಿ, ಕೊಡತಿ ಹಿಡಿದು ಮಾಡುವ ಕೆತ್ತನೆಯೇ ಬೇರೆ. ಇಲ್ಲಿ ಹೊಡೆಯುವ ಮಾತೇ ಇಲ್ಲ. ಚಾಕುವನ್ನು ಮರದ ಮೇಲ್ಮೈಗೆ ಸುಮಾರು 65 ಡಿಗ್ರಿ ಕೋನದಲ್ಲಿ ಓರೆ ಹಿಡಿದು, ಹೆಬ್ಬೆರಳು ಮರದ ಮೇಲೆ ಊರಿ ಎಳೆಯಬೇಕು. ಎರಡು ಕಡೆಯ ಗೀರು ತಳದಲ್ಲಿ ಕೂಡಿದರೆ ಚಕ್ಕೆ ತಾನೇ ಏಳುತ್ತದೆ. ನಮ್ಮ ದಾವಣಗೆರೆಯ ಬಡಗಿಯೊಬ್ಬರು ನೋಡಿ, "ಇದು ಪೆನ್ಸಿಲ್ ಹೆರೆಯೋ ಚಾಕು ಅಲ್ವೇನಪ್ಪಾ" ಅಂದಿದ್ದರು. ಈಗ ಪೆಟ್ಟಿಗೆ ಮಾಡಿಕೊಡೋದು ಅವರೇ.

ಚುಕ್ಕಿ ರಂಗೋಲಿಯಂಥ ವಿನ್ಯಾಸಗಳು ಸಲೀಸು. ತ್ರಿಕೋನಕ್ಕೆ ಮೂರು ಕಟ್, ಮುಗೀತು. ಕಷ್ಟ ಇರೋದು ನಮ್ಮ ಅಕ್ಷರದಲ್ಲಿ. ಇಂಗ್ಲಿಷಿನ ಎಲ್, ಟಿ ನೆಟ್ಟಗೆ ನಿಲ್ಲುತ್ತವೆ; ಕನ್ನಡದಲ್ಲಿ ಎಲ್ಲವೂ ಗುಂಡು. ತಿರುವಿನಲ್ಲಿ ಹಿಡಿ ಎತ್ತಿ, ಬರೀ ಮೊನೆ ಮರದೊಳಗೆ ಇರುವಂತೆ ತಿರುಗಿಸಬೇಕು. ಈ ಚಾಕುವಿನ ಮೊನೆ ಸಣ್ಣದು, ಅದಕ್ಕೇ ನನಗೆ ಇಷ್ಟ. ಅಗಲ ಅಲಗಿನದು 'ಳ' ಬರುವಷ್ಟರಲ್ಲಿ ಸಿಕ್ಕಿಕೊಳ್ಳುತ್ತದೆ. 'ರ', 'ಠ' ಒಳಗೆ ಉಳಿಯುವ ಮರದ ಚೂರು ಪಟ್ಟನೆ ಹಾರಿಹೋಗಬಹುದು. ಅಕ್ಷರ ಎರಡು ಸೆಂಟಿಮೀಟರ್‌ಗಿಂತ ಚಿಕ್ಕದು ಬೇಡ. ಒತ್ತಕ್ಷರ ಇದ್ದರೆ ಇನ್ನೂ ದೊಡ್ಡದಿರಲಿ. ಪಕ್ಕದಲ್ಲಿ ಮೊದಲೇ ಕೆತ್ತಿದ ಗೆರೆ ಇದ್ದರೆ ಆ ಕಡೆಯ ಕಟ್ ಮೊದಲು ಹಾಕಿ.

ಮರ? ಶಿವನೆ ಅಥವಾ ಹಾಲೆ. ಸಾಗುವಾನಿ ನೋಡೋಕೆ ಚೆಂದ, ಆದರೆ ಅದರಲ್ಲಿ ಮರಳಿನ ಅಂಶ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಪ್ಲೈವುಡ್ ಬೇಡವೇ ಬೇಡ, ಪದರ ಪದರ ಕಿತ್ತು ಬರುತ್ತದೆ. ಚೆನ್ನಾಗಿ ಒಣಗಿದ ಹಲಗೆಯನ್ನೇ ಕೇಳಿ ತಗೊಳ್ಳಿ. ಹಸಿ ಮರದ ಮುಚ್ಚಳ ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಸೊಟ್ಟಗಾಗುತ್ತದೆ.

ದೂರು ಎರಡಿವೆ. ಕಂಪನಿಯಿಂದ ಬಂದಾಗ ಅಲಗು ದಪ್ಪಗಿತ್ತು. ಕೂದಲು ಬೋಳಿಸುವಷ್ಟು ಹರಿತ ಅಂತ ಜಾಹೀರಾತು ಬೇರೆ! ಗಾಜಿನ ಮೇಲೆ ವಾಟರ್ ಪೇಪರ್ ಇಟ್ಟು 1000, 2000 ನಂಬರಿನಲ್ಲಿ ಉಜ್ಜಿ ತೆಳು ಮಾಡಬೇಕಾಯಿತು. ಈಗ ಹಳೇ ಚರ್ಮದ ಬೆಲ್ಟಿಗೆ ಲೋಹ ಉಜ್ಜುವ ಹಸಿರು ಪಾಲಿಶ್ ಹಚ್ಚಿ, ಅಲಗನ್ನು ಅದರ ಮೇಲೆ ಆಗಾಗ ಎಳೆದರೆ ಸಾಕು. ಇನ್ನೊಂದು, ಹಿಡಿಯ ವಾರ್ನಿಶ್. ಕೈ ಬೆವರಿದರೆ ಜಾರುತ್ತದೆ. ಅದನ್ನು ಉಜ್ಜಿ ತೆಗೆದೆ. ಕಾರ್ಬನ್ ಉಕ್ಕು ಆದ್ದರಿಂದ ಮಳೆಗಾಲದಲ್ಲಿ ಎಣ್ಣೆ ಸವರಿಡಿ, ಇಲ್ಲದಿದ್ದರೆ ತುಕ್ಕು ಗ್ಯಾರಂಟಿ.

ಸೆಟ್ಟೇ ಬೇಕು ಅಂತೇನಿಲ್ಲ. ಕತ್ತರಿಸುವ ಚಾಕು ಬಿಡಿಯಾಗಿ ಸಿಕ್ಕರೆ ಅದೊಂದನ್ನೇ ತಗೊಂಡು, ಉಳಿದ ದುಡ್ಡು ಒಳ್ಳೆ ಸಾಣೆಕಲ್ಲಿಗೆ ಹಾಕಿ.