ಮಕ್ಕಳ ವಾರ್ಡಿನಲ್ಲಿ ಐದು ದಿನ: ಚಿಕಿತ್ಸೆ ಚೆನ್ನಾಗಿದೆ, ಔಷಧ ಕೊಡುವ ಕ್ರಮ ಸಾಲದು

ಹದಿನಾಲ್ಕು ತಿಂಗಳ ಮಗಳಿಗೆ ನ್ಯುಮೋನಿಯಾ ಆಗಿ, ನಮ್ಮ ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಐದು ದಿನ ಇದ್ದೆವು. ವಾರ್ಡು ಸ್ವಚ್ಛವಾಗಿತ್ತು, ಮಕ್ಕಳ ತಜ್ಞರು ದಿನಕ್ಕೆರಡು ಸಲ ತಪ್ಪದೆ ಬಂದು ನೋಡಿದರು, ಮಗು ಗುಣವಾಗಿ ಮನೆಗೆ ಬಂತು. ಆದರೂ ಐದರಲ್ಲಿ ಮೂರಕ್ಕಿಂತ ಹೆಚ್ಚು ಅಂಕ ಕೊಡಲು ನನಗೆ ಮನಸ್ಸು ಬರುತ್ತಿಲ್ಲ. ಅದಕ್ಕೆ ಕಾರಣ ಎರಡನೆಯ ರಾತ್ರಿ ನಡೆದದ್ದು.

ಜ್ವರ ಏರಿದರೆ ಪ್ಯಾರಸಿಟಮಾಲ್ 2.7 ಮಿ.ಲೀ. ಕೊಡಬೇಕೆಂದು ಕೇಸ್ ಶೀಟಿನಲ್ಲಿ ಬರೆದಿತ್ತು. ಮಗುವಿನ ತೂಕ 9 ಕಿಲೋ. ಕಿಲೋಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ಒಂದು ಹೊತ್ತಿಗೆ 135 ಮಿ.ಗ್ರಾಂ. ಬೇಕು; 5 ಮಿ.ಲೀ.ಗೆ 250 ಮಿ.ಗ್ರಾಂ. ಇರುವ ಸಿರಪ್ಪಿನಲ್ಲಿ ಅದು 2.7 ಮಿ.ಲೀ. ಆಗುತ್ತದೆ. ಆ ರಾತ್ರಿ ಆಸ್ಪತ್ರೆಯ ಔಷಧ ಅಂಗಡಿಯಿಂದ ಬಂದದ್ದು ಮಾತ್ರ ಸಿರಪ್ ಅಲ್ಲ, 1 ಮಿ.ಲೀ.ಯಲ್ಲೇ 100 ಮಿ.ಗ್ರಾಂ. ಇರುವ ಡ್ರಾಪ್ಸ್. ಸಿಸ್ಟರ್ ಶೀಟಿನ ಅಂಕಿ ನೋಡಿ ಅದರಿಂದಲೂ 2.7 ಮಿ.ಲೀ. ತೆಗೆದರು, ಅಂದರೆ ಬೇಕಾದದ್ದರ ಎರಡರಷ್ಟು. "ಸಿಸ್ಟರ್, ಮಧ್ಯಾಹ್ನದ ಬಾಟಲಿ ದೊಡ್ಡದಿತ್ತಲ್ಲ, ಇದು ಬೇರೆ ಔಷಧವೇ?" ಎಂದು ನನ್ನ ಹೆಂಡತಿ ಕೇಳಿದಾಗ ಮಗುವಿನ ಬಾಯಿಯ ಹತ್ತಿರ ಬಂದಿದ್ದ ಕೈ ನಿಂತಿತು. ಅವರು ಲೇಬಲ್ ಓದಿ, ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ, ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು. ಇಡೀ ವಾರ್ಡನ್ನು ರಾತ್ರಿಯೆಲ್ಲ ಒಬ್ಬರೇ ನೋಡಿಕೊಳ್ಳುತ್ತಿದ್ದ ಅವರನ್ನು ನಾನು ದೂರುವುದಿಲ್ಲ. ಶೀಟಿನಲ್ಲಿ ಮಿ.ಗ್ರಾಂ. ಬರೆದಿದ್ದರೆ, ಬಾಟಲಿ ಬದಲಾದದ್ದನ್ನು ಅಂಗಡಿಯವರು ತಿಳಿಸಿದ್ದರೆ, ಈ ತಪ್ಪು ಅವರ ಕೈವರೆಗೂ ಬರುತ್ತಿರಲಿಲ್ಲ.

ಅದೇ ವಾರ್ಡಿನಲ್ಲಿ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಡುವಾಗ ಇಬ್ಬರು ಸಿಸ್ಟರುಗಳು ಹೆಸರು, ತೂಕ, ಪ್ರಮಾಣಗಳನ್ನು ಗಟ್ಟಿಯಾಗಿ ಓದಿ ತಾಳೆ ನೋಡುತ್ತಿದ್ದರು. ಬಾಯಿಗೆ ಹಾಕುವ ಔಷಧವೆಂದರೆ ಮಾತ್ರ ಅಷ್ಟು ಎಚ್ಚರ ಬೇಡವೆಂಬ ಭಾವನೆ ಇದ್ದಂತೆ ಕಂಡಿತು. ಎಳೆಯ ಮಕ್ಕಳಿಗೆ ಪ್ರತಿಯೊಂದು ಔಷಧವನ್ನೂ ತೂಕ ನೋಡಿ ಲೆಕ್ಕ ಹಾಕಬೇಕಾದ್ದರಿಂದ ತಪ್ಪಿಗೆ ಅವಕಾಶ ಹೆಚ್ಚು; ಅಪಾಯ ತರಬಹುದಾಗಿದ್ದ ಔಷಧ ದೋಷಗಳು ದೊಡ್ಡವರಿಗಿಂತ ಮಕ್ಕಳಲ್ಲಿ ಸುಮಾರು ಮೂರು ಪಟ್ಟು ಎಂದು ಅಮೆರಿಕದ ಎರಡು ಆಸ್ಪತ್ರೆಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. 2007ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನವಜಾತ ಅವಳಿಗಳಿಗೆ 10 ಯೂನಿಟ್‌ನ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಬದಲು 10,000 ಯೂನಿಟ್‌ನದನ್ನು ಕೊಟ್ಟದ್ದಕ್ಕೂ ಒಂದೇ ಥರ ಕಾಣುವ ಸೀಸೆಗಳು ಒಂದು ಕಾರಣವಾಗಿದ್ದವು. ಆ ಮಕ್ಕಳು ಬದುಕುಳಿದರು.

ನನಗೆ ಹೆಚ್ಚು ನೋವಾದದ್ದು ಮರುದಿನ. ನಡೆದದ್ದನ್ನು ದಾಖಲಿಸಿ ಎಂದು ಆಡಳಿತ ಕಚೇರಿಯಲ್ಲಿ ಕೇಳಿದೆ. "ಮಗುವಿಗೆ ಏನೂ ಆಗಲಿಲ್ಲವಲ್ಲ ಸರ್" ಎಂದರು. ಏನೂ ಆಗದೆ ತಪ್ಪಿಹೋದ ಪ್ರಮಾದವನ್ನೇ ಮೊದಲು ಬರೆದಿಡಬೇಕು, ಏಕೆಂದರೆ ಮುಂದಿನ ರಾತ್ರಿ ಅದೇ ಬಾಟಲಿ ಇನ್ನೊಂದು ಹಾಸಿಗೆಗೆ ಹೋಗುತ್ತದೆ. ಲಿಖಿತ ದೂರು ಕೊಟ್ಟು ಬಂದೆ, ಉತ್ತರ ಬಂದಿಲ್ಲ.

ಡಿಸ್ಚಾರ್ಜ್ ಚೀಟಿಯಲ್ಲೂ ಬರೀ ಮಿ.ಲೀ. ಇತ್ತು. ಕೇಳಿದ ಮೇಲೆ ಡ್ಯೂಟಿ ಡಾಕ್ಟರ್ ಅದರ ಪಕ್ಕದಲ್ಲಿ ಮಿ.ಗ್ರಾಂ. ಎಷ್ಟು, ಯಾವ ಸಿರಪ್ ಎಂಬುದನ್ನು ಬೇಸರಿಸದೆ ಪೆನ್ನಿನಲ್ಲಿ ಬರೆದುಕೊಟ್ಟರು.