ತುಮಕೂರಿಗೆ ಬಂದ ಸ್ವಿಚ್ 2: ರೈಲಿನಲ್ಲಿ ಭಾರ, ಮನೆಯಲ್ಲಿ ಜೋರು

ಮೊದಲೇ ಹೇಳಿಬಿಡುತ್ತೇನೆ. ನಿಂಟೆಂಡೊ ಸ್ವಿಚ್ 2 ಅನ್ನುವ ವಿಡಿಯೋ ಗೇಮ್ ಯಂತ್ರ ನಿಮ್ಮ ಮನೆಗೆ ಬಂದರೆ, ಸ್ಕ್ರೀನ್ ಮೇಲಿರುವ ತೆಳು ಪದರವನ್ನು ಯಾರೂ ಕೀಳದ ಹಾಗೆ ನೋಡಿಕೊಳ್ಳಿ. ಹೊಸ ಮೊಬೈಲ್ ಬರಲಿ, ಫ್ರಿಜ್ ಬರಲಿ, ಮಕ್ಕಳ ಉಗುರು ಮೊದಲು ಹೋಗುವುದು ಆ ಪ್ಲಾಸ್ಟಿಕ್ ಹಾಳೆಗೇ ಅಲ್ವಾ. ಡಬ್ಬ ಬಿಚ್ಚಿ ಎರಡು ನಿಮಿಷ ಆಗಿರಲಿಲ್ಲ, ನನ್ನ ಮಗಳು ಆಗಲೇ ಮೂಲೆ ಹುಡುಕುತ್ತಿದ್ದಳು. ಅದು ಗೀರು ಬೀಳದಿರಲಿ ಅಂತ ಹಾಕಿದ ಕವರ್ ಅಲ್ಲ. ಸ್ಕ್ರೀನ್ ಒಡೆದರೆ ಚೂರು ಸಿಡಿಯಬಾರದು ಅಂತ ಕಂಪನಿಯೇ ಅಂಟಿಸಿರುವುದು. ಕೀಳಬೇಡಿ ಅಂತ ಜೊತೆಗೆ ಬರುವ ಕಾಗದದಲ್ಲೇ ಇದೆ. ಆ ಕಾಗದ ಓದುವವರು ಯಾರು ಹೇಳಿ.

ನಮ್ಮ ಮನೆಗೆ ಇದು ಬಂದಿದ್ದು ನ್ಯೂಜೆರ್ಸಿಯಿಂದ, ಭಾವನ ಸೂಟ್‌ಕೇಸಿನಲ್ಲಿ, ಎರಡು ಟವೆಲ್ ನಡುವೆ. ಬೇರೆ ದಾರಿಯೂ ಇರಲಿಲ್ಲ. 2025ರ ಜೂನ್ 5ಕ್ಕೆ ಅಮೆರಿಕ, ಜಪಾನ್, ಯುರೋಪ್ ಎಲ್ಲಾ ಕಡೆ ಬಿಡುಗಡೆ ಆದಾಗ ನಮ್ಮ ದೇಶದ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ನಾಲ್ಕೇ ದಿನಕ್ಕೆ 35 ಲಕ್ಷ ಮಾರಾಟವಾಯಿತು. ಜಪಾನಿನಲ್ಲಿ ಕಂಪನಿಯ ಸ್ವಂತ ಆನ್‌ಲೈನ್ ಅಂಗಡಿ ಯಾರಿಗೆ ಮಾರಬೇಕು ಅಂತ ಲಾಟರಿ ಎತ್ತಿತು, ಅದಕ್ಕೆ 22 ಲಕ್ಷ ಜನ ಅರ್ಜಿ ಹಾಕಿದ್ದರು. ಹಳೆಯ ಸ್ವಿಚ್‌ನಲ್ಲಿ 50 ಗಂಟೆಗಿಂತ ಜಾಸ್ತಿ ಆಡಿದವರಿಗೆ ಮಾತ್ರ ಅರ್ಜಿ ಹಾಕುವ ಅವಕಾಶ. ನ್ಯೂಯಾರ್ಕಿನ ಒಂದು ಅಂಗಡಿಯಲ್ಲಂತೂ ಬಿಲ್ಲನ್ನು ಡಬ್ಬಕ್ಕೇ ಸ್ಟೇಪ್ಲರ್ ಹೊಡೆದು, ಪಿನ್ನು ಒಳಗೆ ಹೋಗಿ ಸ್ಕ್ರೀನ್ ತೂತಾದ ಕಥೆ ನೀವೂ ಓದಿರಬಹುದು. ರಾತ್ರಿಯಿಡೀ ಸಾಲಲ್ಲಿ ನಿಂತವನ ಹೊಟ್ಟೆ ಎಷ್ಟು ಉರಿದಿರಬೇಡ.

ಬೆಲೆ ವಿಷಯ. ಬಿಡುಗಡೆ ಆದಾಗ ಅಮೆರಿಕದಲ್ಲಿ ಬರೀ ಯಂತ್ರಕ್ಕೆ 449.99 ಡಾಲರ್, ಮಾರಿಯೋ ಕಾರ್ಟ್ ವರ್ಲ್ಡ್ ಅನ್ನುವ ಗಾಡಿ ರೇಸಿನ ಗೇಮ್ ಜೊತೆಗೆ ಬೇಕಾದರೆ 499.99 ಇತ್ತು. ಆಗಿನ ಡಾಲರ್ ಲೆಕ್ಕದಲ್ಲಿ ಎರಡನೆಯದಕ್ಕೆ ಹೆಚ್ಚೂಕಡಿಮೆ 43 ಸಾವಿರ, ಅದರ ಮೇಲೆ ಅಲ್ಲಿನ ತೆರಿಗೆ. ಭಾವನಿಗೆ ದುಡ್ಡು ಕಳಿಸುವ ಮುಂಚೆ ನಾನು ಬೆಂಗಳೂರಿನ ಒಂದು ಅಂಗಡಿಯಲ್ಲೂ ವಿಚಾರಿಸಿದ್ದೆ. ಅಲ್ಲಿ ಇದಕ್ಕಿಂತ ಇನ್ನೂ ಹತ್ತು ಸಾವಿರಕ್ಕೂ ಮೇಲೆ ಸೇರಿಸಿ ಹೇಳಿದರು. ಹೋಗಲಿ, ಬಿಲ್ ಕೊಡಿ ಅಂದರೆ "ಬಿಲ್ ಯಾಕೆ ಸಾರ್, ನಾವಿದ್ದೀವಲ್ಲ" ಅಂದರು. ಅವರು ಇರುತ್ತಾರೆ ಸರಿ, ಆರು ತಿಂಗಳಾದ ಮೇಲೂ ಇರುತ್ತಾರಾ? ನಮಸ್ಕಾರ ಹಾಕಿ ಬಂದೆ.

ಯಂತ್ರ ಕೈಗೆ ಬಂದ ಮೇಲೆ ಮೊದಲು ಹಿಡಿಸಿದ್ದು ಸ್ಕ್ರೀನು. 7.9 ಇಂಚು, 1080ಪಿ, ಸೆಕೆಂಡಿಗೆ 120 ಸಲ ಚಿತ್ರ ಬದಲಾಯಿಸುವ ಶಕ್ತಿ. 2017ರ ಮೊದಲ ಸ್ವಿಚ್‌ನಲ್ಲಿ 6.2 ಇಂಚು, 720ಪಿ ಇತ್ತು. ಇಷ್ಟಾಗಿಯೂ ದಪ್ಪ ಮಾತ್ರ ಅಷ್ಟೇ, 13.9 ಮಿಲಿಮೀಟರ್. ಆದರೆ ಇದು ಎಲ್‌ಸಿಡಿ, ಅಂದರೆ ಹಿಂದಿನಿಂದ ಬೆಳಕು ಬಿಡುವ ಸ್ಕ್ರೀನು. 2021ರಲ್ಲಿ ಬಂದ ಒಎಲ್‌ಇಡಿ ಸ್ವಿಚ್ ನೋಡಿದವರಿಗೆ ಕಪ್ಪು ಬಣ್ಣ ಇಲ್ಲಿ ಬೂದಿ ಬಡಿದ ಹಾಗೆ ಕಾಣುತ್ತದೆ. ರೇಸಿನಲ್ಲಿ ಗಾಡಿ ಜೋರಾಗಿ ಓಡುವಾಗ ಚಿತ್ರದ ಅಂಚು ಸ್ವಲ್ಪ ಕದಡುತ್ತದೆ. ಮಗಳಿಗೆ ಇದ್ಯಾವುದೂ ಕಾಣಲಿಲ್ಲ. ನನಗೆ ಒಂದು ಸಲ ಕಂಡ ಮೇಲೆ ಬೇಡ ಅಂದರೂ ಅದೇ ಕಾಣುತ್ತದೆ.

ಎರಡು ಪಕ್ಕದ ಕಂಟ್ರೋಲರ್‌ಗಳಿಗೆ ಜಾಯ್-ಕಾನ್ 2 ಅಂತ ಹೆಸರು. ಹಿಂದಿನದರಲ್ಲಿ ಹಳಿ ಮೇಲೆ ಜಾರಿಸಿ ಕೂರಿಸಬೇಕಿತ್ತು. ಈಗ ಅಯಸ್ಕಾಂತ. ಹತ್ತಿರ ತಂದರೆ ಸಾಕು, ಟಕ್ ಅಂತ ತಾನೇ ಎಳೆದುಕೊಂಡು ಕೂರುತ್ತದೆ. ಆ ಸದ್ದಿಗೇ ಮಗಳು ದಿನಕ್ಕೆ ಇಪ್ಪತ್ತು ಸಲ ತೆಗೆದು ಹಾಕುತ್ತಾಳೆ. ಬಿಡಿಸಬೇಕಾದರೆ ಹಿಂದೆ ಇರುವ ಗುಂಡಿ ಒತ್ತಬೇಕು, ಸುಮ್ನೆ ಎಳೆದರೆ ಸುಲಭಕ್ಕೆ ಬರುವುದಿಲ್ಲ. ಇದೇ ಜಾಯ್-ಕಾನನ್ನು ಅಂಚಿನ ಮೇಲೆ ನಿಲ್ಲಿಸಿ ಮೌಸ್ ತರಹ ಸರಿಸಬಹುದು. ಇದಕ್ಕೆ ಟೇಬಲ್ಲೇ ಬೇಕು ಅಂದುಕೊಂಡಿದ್ದೆ. ಒಂದು ಭಾನುವಾರ ಸೋಫಾ ಮೇಲೆ ಕೂತು, ಲುಂಗಿ ಎಳೆದು ತೊಡೆ ಮೇಲೆ ಸಾಪು ಮಾಡಿಕೊಂಡು ಅದರ ಮೇಲೇ ಸರಿಸಿದೆ. ಕೆಲಸ ಮಾಡಿತು! ಲುಂಗಿ ಮಡಿಕೆ ಬಿದ್ದ ಕಡೆ ಮಾತ್ರ ಬಾಣದ ಗುರುತು ಒಂದು ಸಲ ಎಗರುತ್ತದೆ. ಅರ್ಧ ಗಂಟೆ ಆದ ಮೇಲೆ ಮಣಿಕಟ್ಟು ನೋವು ಬಂತು, ಯಾಕೆಂದರೆ ಮೌಸ್ ಅಂದರೆ ಅಂಗೈ ಕೆಳಗೆ ಗುಂಡಗೆ ಇರಬೇಕು, ಇದು ಹಲಗೆ ಚೂರನ್ನು ಅಂಚಿನ ಮೇಲೆ ನಿಲ್ಲಿಸಿ ಹಿಡಿದ ಹಾಗೆ.

ಈಗ ರೈಲಿನ ಕಥೆ. ನಾನು ತುಮಕೂರಿನಿಂದ ಯಶವಂತಪುರಕ್ಕೆ ದಿನಾ ಓಡಾಡುವವನು. ಇಷ್ಟು ದುಡ್ಡು ಸುರಿಯುವುದಕ್ಕೆ ಮನೆಯಲ್ಲಿ ಕೊಟ್ಟ ಕಾರಣವೇ ಅದು, ಹೋಗಿ ಬರುವ ಮೂರು ಗಂಟೆ ದಂಡ ಆಗುವುದಿಲ್ಲ ಅಂತ. ಮೊದಲ ಸೋಮವಾರ ಸೀಟು ಸಿಕ್ಕಿತು, ಕಿಟಕಿ ಪಕ್ಕ. ಕ್ಯಾತ್ಸಂದ್ರ ಬರುವಷ್ಟರಲ್ಲಿ ಎದುರಿನವರು ಕೇಳಿದರು, "ಏನ್ ಸಾರ್ ಇದು, ಟ್ಯಾಬಾ?" ಅಲ್ಲ, ಗೇಮ್ ಆಡೋದು ಅಂದೆ. "ಎಷ್ಟಾಯ್ತು?" ಒಂಬತ್ತು ಸಾವಿರ ಅಂದೆ. ಅದಕ್ಕೇ ಅವರು ಮುಖ ಕಿವುಚಿದರು. ನಿಜ ಹೇಳಿದ್ದರೆ ನಿಡವಂದದಲ್ಲಿ ಇಳಿಸಿಬಿಡುತ್ತಿದ್ದರೋ ಏನೋ.

ತೂಕ 534 ಗ್ರಾಂ, ಅರ್ಧ ಕೆಜಿ ಅಕ್ಕಿ ಪೊಟ್ಟಣಕ್ಕಿಂತ ಸ್ವಲ್ಪ ಜಾಸ್ತಿ. ಕೂತಾಗ ಬ್ಯಾಗಿನ ಮೇಲೆ ಇಟ್ಟುಕೊಂಡರೆ ಗೊತ್ತಾಗುವುದಿಲ್ಲ. ನಿಂತಾಗ ಆಗುವುದೇ ಇಲ್ಲ. ಎರಡೂ ಕೈ ಬೇಕು, ಆಗ ಮೇಲಿನ ಹಿಡಿ ಹಿಡಿಯುವುದು ಯಾರು? ಹಿಂದೆ ಇರುವ ಸ್ಟ್ಯಾಂಡ್ ಈ ಸಲ ಗಟ್ಟಿಯಾಗಿದೆ, ಬೇಕಾದ ಕೋನಕ್ಕೆ ಬಾಗಿಸಿ ನಿಲ್ಲಿಸಬಹುದು. ಪ್ಯಾಸೆಂಜರ್ ಗಾಡಿಯಲ್ಲಿ ನಿಲ್ಲಿಸುವುದಕ್ಕೆ ಜಾಗವೇ ಇಲ್ಲ, ಅದು ಬೇರೆ ಮಾತು. ಬ್ಯಾಟರಿ 5220 ಎಂಎಎಚ್. ಗೇಮ್ ನೋಡಿಕೊಂಡು 2ರಿಂದ 6.5 ಗಂಟೆ ಬರುತ್ತದೆ ಅಂತ ಕಂಪನಿ ಹೇಳುತ್ತದೆ. ಆ ಆರೂವರೆ ಗಂಟೆಯನ್ನು ನಾನಂತೂ ಇದುವರೆಗೆ ನೋಡಿಲ್ಲ. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿ ಹೊರಟು, ಹೋಗುವಾಗ ಮಾರಿಯೋ ಕಾರ್ಟ್ ಆಡಿ, ಸಂಜೆ ಬರುವಾಗ ಮತ್ತೆ ಹಚ್ಚಿದರೆ ದೊಡ್ಡಬೆಲೆ ಹತ್ತಿರ ಕೆಂಪು ಗುರುತು ಬಂತು. ಪವರ್ ಬ್ಯಾಂಕ್ ಹಾಕಿದರೆ ನಡೆಯುತ್ತದೆ. ಚಾರ್ಜ್ ಮಾಡುವ ತೂತು ಈಗ ಮೇಲೊಂದು ಕೆಳಗೊಂದು ಇದೆ, ಒಳ್ಳೆಯ ಬದಲಾವಣೆ. ಆದರೆ ಜೇಬಿನಿಂದ ವೈರ್ ಎಳೆದುಕೊಂಡು ಗೇಮ್ ಆಡುವವನನ್ನು ಇಡೀ ಬೋಗಿ ನೋಡುತ್ತದೆ. ಎರಡು ವಾರಕ್ಕೆ ಮತ್ತೆ ಮೊಬೈಲಿಗೇ ವಾಪಸ್ ಬಂದೆ.

ಹೀಗೆ ಯಂತ್ರ ಮನೆಯಲ್ಲೇ ಉಳಿಯಿತು. ಆಟ ಶುರುವಾಗಿದ್ದೇ ಆಮೇಲೆ.

ಡಾಕ್ ಅಂತ ಒಂದು ಪೆಟ್ಟಿಗೆ ಜೊತೆಗೇ ಬರುತ್ತದೆ. ಅದರಲ್ಲಿ ಕೂರಿಸಿದರೆ ಚಿತ್ರ ಟಿವಿಗೆ ಹೋಗುತ್ತದೆ, ಟಿವಿ ಚೆನ್ನಾಗಿದ್ದರೆ 4ಕೆ ತನಕ. ಇಲ್ಲಿ ಒಂದು ವಿಷಯ ಗಮನಿಸಿ. ಅಮೆರಿಕದ ಚಾರ್ಜರ್ ಪಿನ್ನು ಚಪ್ಪಟೆ, ನಮ್ಮ ಸಾಕೆಟ್ಟಿಗೆ ಸರಿಯಾಗಿ ಕೂರುವುದಿಲ್ಲ. ನಾನು ಮೊಬೈಲ್ ಚಾರ್ಜರ್ ಚುಚ್ಚಿದೆ. ಯಂತ್ರಕ್ಕೆ ನೇರವಾಗಿ ಹಾಕಿದರೆ ಚಾರ್ಜ್ ಆಗುತ್ತದೆ, ಡಾಕ್‌ಗೆ ಹಾಕಿದರೆ ಟಿವಿಯಲ್ಲಿ ಏನೂ ಬರುವುದಿಲ್ಲ. ಕೆಟ್ಟೇ ಹೋಯಿತು ಅಂತ ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡೆ. ಡಾಕ್‌ಗೆ ಜಾಸ್ತಿ ವ್ಯಾಟ್ ಬೇಕು, ಅದಕ್ಕೇ 60 ವ್ಯಾಟ್ ಚಾರ್ಜರ್ ಕೊಟ್ಟಿದ್ದಾರೆ. ಅದು 240 ವೋಲ್ಟ್‌ವರೆಗೂ ತಡೆಯುತ್ತದೆ, ಟ್ರಾನ್ಸ್‌ಫಾರ್ಮರ್ ಏನೂ ಬೇಡ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಕನ್ವರ್ಟರ್ ಪಿನ್ನು ಸಾಕು. ಕರೆಂಟ್ ಹೋದರೆ ಡಾಕ್‌ನಿಂದ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ, ಆಟ ನಿಂತ ಜಾಗದಿಂದಲೇ ಮುಂದುವರಿಯುತ್ತದೆ. ನಮ್ಮ ಬಡಾವಣೆಗೆ ಇದಕ್ಕಿಂತ ಉಪಯೋಗದ ಸೌಲಭ್ಯ ಇನ್ನೊಂದಿಲ್ಲ.

ಮಾರಿಯೋ ಕಾರ್ಟ್ ವರ್ಲ್ಡ್‌ನಲ್ಲಿ ಒಂದೇ ರೇಸಿಗೆ 24 ಗಾಡಿ. ಗಾಡಿ ಓಡಿಸುವವರ ಸಾಲಿನಲ್ಲಿ ಒಂದು ಹಸುವೂ ಇದೆ. ಕಪ್ಪು ಬಿಳಿ ಮಚ್ಚೆ ಹಸು, ಹೆಲ್ಮೆಟ್ ಇಲ್ಲ, ಆರಾಮಾಗಿ ಕೂತು ಗಾಡಿ ಓಡಿಸುತ್ತದೆ. ಅಡುಗೆಮನೆಯಿಂದ ಬಂದ ಅಮ್ಮ ಸೆರಗಲ್ಲಿ ಕೈ ಒರೆಸುತ್ತಾ ನಿಂತೇಬಿಟ್ಟರು. "ಅಯ್ಯೋ, ಹಸು ಗಾಡಿ ಓಡಿಸ್ತಾ ಇದೆಯಲ್ಲೋ!" ನೀನೂ ಆಡಮ್ಮ ಅಂತ ಒಂದು ಜಾಯ್-ಕಾನ್ ಕೈಗೆ ಕೊಟ್ಟೆ. ಅಡ್ಡ ಹಿಡಿದರೆ ಅದೊಂದೇ ಪೂರ್ತಿ ಕಂಟ್ರೋಲರ್ ಆಗುತ್ತದೆ, ಹಾಗಾಗಿ ಇಬ್ಬರಿಗೆ ಇನ್ನೇನೂ ಕೊಳ್ಳಬೇಕಿಲ್ಲ. ಕಂಟ್ರೋಲರನ್ನೇ ಸ್ಟೀರಿಂಗ್ ಹಾಗೆ ತಿರುಗಿಸುವ ಸೌಲಭ್ಯ ಹಾಕಿಕೊಟ್ಟೆ. ಗಾಡಿ ರಸ್ತೆ ಬಿಡದ ಹಾಗೆ ಹಿಡಿಯುವ ಸೌಲಭ್ಯವೂ ಇದೆ, ಅದನ್ನೂ ಹಾಕಿದೆ. ತಿರುವು ಬಂದರೆ ಅಮ್ಮ ಕೈ ಜೊತೆ ಪೂರ್ತಿ ಮೈಯನ್ನೇ ಬಾಗಿಸುತ್ತಿದ್ದರು. ಇಪ್ಪತ್ತನಾಲ್ಕರಲ್ಲಿ ಇಪ್ಪತ್ತೆರಡನೇ ಸ್ಥಾನ. "ಹಿಂದೆ ಇಬ್ಬರಿದ್ದಾರಲ್ಲ" ಅಂದರು. ಈಗ ಧಾರಾವಾಹಿ ಮುಗಿದ ಮೇಲೆ ಹಸು ಅಮ್ಮನದೇ, ಬೇರೆಯವರು ಆರಿಸುವ ಹಾಗಿಲ್ಲ. ಒಂದೇ ಟಿವಿಯಲ್ಲಿ ನಾಲ್ಕು ಜನ ಆಡಬಹುದು. ಇನ್ನಿಬ್ಬರಿಗೆ ನನ್ನ ತಮ್ಮನ ಹಳೆಯ ಸ್ವಿಚ್‌ನ ಜಾಯ್-ಕಾನ್‌ಗಳೇ ನಡೆದವು. ಪಕ್ಕಕ್ಕೆ ಅಂಟುವುದಿಲ್ಲ, ವೈರ್ ಇಲ್ಲದೆ ಕೆಲಸ ಮಾಡುತ್ತವೆ. ಚಾರ್ಜ್ ಮಾಡುವುದಕ್ಕೆ ಮಾತ್ರ ಹಳೆಯ ಸ್ವಿಚ್ಚೋ ಬೇರೆ ಚಾರ್ಜಿಂಗ್ ಸ್ಟ್ಯಾಂಡೋ ಬೇಕು.

ಹಳೆಯ ಗೇಮ್ ಕಾರ್ಡುಗಳೂ ಬಹುತೇಕ ಓಡುತ್ತವೆ. ಕೆಲವಕ್ಕೆ ಪುಕ್ಕಟೆ ಅಪ್‌ಡೇಟ್ ಕೊಟ್ಟಿದ್ದಾರೆ. ಪೋಕೆಮಾನ್ ಸ್ಕಾರ್ಲೆಟ್ ಹಳೆಯದರಲ್ಲಿ ತಡವರಿಸುತ್ತಿತ್ತು, ಇಲ್ಲಿ ಬೆಣ್ಣೆ ತರಹ ಓಡುತ್ತದೆ.

ಕಂಟ್ರೋಲರ್ ಮೇಲಿನ ಸಿ ಗುಂಡಿ ಒತ್ತಿದರೆ ಆಡುತ್ತಲೇ ಮಾತಾಡಬಹುದು. ಭಾನುವಾರ ನಮಗೆ ಸಂಜೆ ಏಳು, ಅಕ್ಕನಿಗೆ ಬೆಳಿಗ್ಗೆ. ಭಾವ ತನಗೂ ಒಂದು ಇಟ್ಟುಕೊಂಡಿದ್ದಾರೆ, ಹಾಗಾಗಿ ಎರಡೂ ಮನೆ ಸೇರಿ ರೇಸು. ಮೈಕ್ ಯಂತ್ರದಲ್ಲೇ ಇದೆ. ನಾವು ಟಿವಿ ಹತ್ತಿರ ಇಟ್ಟು ದೂರ ಕೂತು ಕೂಗಾಡಿದರೂ ಅಲ್ಲಿಗೆ ಸ್ಪಷ್ಟವಾಗಿ ಕೇಳುತ್ತದಂತೆ. ಕುಕ್ಕರ್ ಸೀಟಿಯನ್ನೂ ಅದು ಅಷ್ಟಾಗಿ ಕಳಿಸುವುದಿಲ್ಲ. ಮುಖ ಕಾಣಬೇಕಾದರೆ ಕ್ಯಾಮೆರಾ ಬೇರೆ ಕೊಳ್ಳಬೇಕು. ಈ ಮಾತುಕತೆ 2026ರ ಮಾರ್ಚ್ 31ರವರೆಗೆ ಮಾತ್ರ ಪುಕ್ಕಟೆ, ಆಮೇಲೆ ಆನ್‌ಲೈನ್ ಚಂದಾ ಕಟ್ಟಬೇಕು.

ಇನ್ನು ಹೊಟ್ಟೆ ಉರಿಯುವ ಭಾಗ. ಮಾರಿಯೋ ಕಾರ್ಟ್ ವರ್ಲ್ಡ್ ಬಿಡಿಯಾಗಿ 79.99 ಡಾಲರ್. ಒಂದು ಗೇಮಿಗೆ ಏಳು ಸಾವಿರದ ಹತ್ತಿರ! ಕೆಲವು ಗೇಮುಗಳಲ್ಲಿ ಕಾರ್ಡ್ ಕೊಂಡರೂ ಅದರೊಳಗೆ ಗೇಮ್ ಇರುವುದಿಲ್ಲ, ಬೀಗದ ಕೈ ಮಾತ್ರ. ಗೇಮನ್ನು ಮತ್ತೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು, ಆಡುವಾಗ ಆ ಕಾರ್ಡೂ ಒಳಗಿರಬೇಕು. ಡಬ್ಬದ ಮೇಲೆ ಬರೆದಿರುತ್ತಾರೆ, ನೋಡಿ ಕೊಳ್ಳಿ. ಆನ್‌ಲೈನ್ ಅಂಗಡಿಯೂ ನಮ್ಮ ದೇಶಕ್ಕೆ ಇಲ್ಲ. ಖಾತೆಯಲ್ಲಿ ಅಮೆರಿಕ ಅಂತ ಹಾಕಿ, ಅಕ್ಕ ಕಳಿಸುವ ಗಿಫ್ಟ್ ಕಾರ್ಡಿನಲ್ಲಿ ಕೊಳ್ಳುತ್ತಿದ್ದೇನೆ.

ಕೆಟ್ಟರೆ ಏನು ಗತಿ ಅನ್ನುವುದೇ ನನ್ನ ದೊಡ್ಡ ಚಿಂತೆ. ಇಲ್ಲಿ ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ. ಹಳೆಯ ಜಾಯ್-ಕಾನ್‌ನಲ್ಲಿ ಹೆಬ್ಬೆರಳಿನಿಂದ ಆಡಿಸುವ ಕಡ್ಡಿ ಇದೆಯಲ್ಲ, ಅದು ಮುಟ್ಟದಿದ್ದರೂ ತಾನೇ ಸರಿಯುವ ರೋಗಕ್ಕೆ ಹೆಸರುವಾಸಿ. ಹೊಸದರಲ್ಲಿ ಹಾಲ್ ಎಫೆಕ್ಟ್ ಅನ್ನುವ, ಸವೆಯದ ತಂತ್ರ ಹಾಕುತ್ತಾರೆ ಅಂತ ಎಲ್ಲರೂ ಕಾಯುತ್ತಿದ್ದರು, ಹಾಕಿಲ್ಲ. ಯಂತ್ರ ಬಿಚ್ಚಿ ನೋಡುವ ಐಫಿಕ್ಸಿಟ್‌ನವರು ರಿಪೇರಿ ಸುಲಭವಾ ಅನ್ನುವ ಲೆಕ್ಕದಲ್ಲಿ ಹತ್ತಕ್ಕೆ ಮೂರು ಕೊಟ್ಟರು. ಬ್ಯಾಟರಿಯನ್ನೂ ಅಂಟು ಹಾಕಿ ಕೂರಿಸಿದ್ದಾರಂತೆ. ಮೊಬೈಲ್ ರಿಪೇರಿ ಅಂಗಡಿಯ ಹುಡುಗರು ಏನು ಬೇಕಾದರೂ ಬಿಚ್ಚುತ್ತಾರೆ, ಬಿಚ್ಚಿದ್ದಕ್ಕೆ ಹಾಕುವ ಪಾರ್ಟ್ಸ್ ಸಿಗಬೇಕಲ್ಲ.

ಹಾಗಾದರೆ ಕೊಳ್ಳಬೇಕಾ? ರೈಲಿನಲ್ಲೋ ಬಸ್ಸಿನಲ್ಲೋ ಒಬ್ಬರೇ ಆಡುವುದಕ್ಕಾದರೆ ನಾನು ಬೇಡ ಅನ್ನುತ್ತೇನೆ. ಹಳೆಯ ಸ್ವಿಚ್ ಇರುವವರಿಗೆ ಅವಸರವೇನೂ ಇಲ್ಲ. ಮನೆತುಂಬ ಜನ ಇದ್ದು, ವಿದೇಶದಿಂದ ಬರುವ ನೆಂಟರೂ ಇದ್ದರೆ ಧೈರ್ಯ ಮಾಡಿ.

ತರಿಸುವಾಗ ಮೆಮೊರಿ ಕಾರ್ಡ್ ಕೂಡ ಹೇಳಿಬಿಡಿ. ನಾನು ಮನೆಯಲ್ಲಿದ್ದ ಹಳೆಯ ಮೊಬೈಲಿನ ಮೈಕ್ರೋ ಎಸ್‌ಡಿ ಹಾಕಿ ಬೆಪ್ಪಾದೆ. ಇದಕ್ಕೆ ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಅನ್ನುವ ಬೇರೆ ಜಾತಿಯೇ ಬೇಕು, ಹಳೆಯದರಲ್ಲಿ ಗೇಮ್ ಇಡುವ ಹಾಗಿಲ್ಲ. ಒಳಗಿರುವುದು 256 ಜಿಬಿ. ಸೈಬರ್‌ಪಂಕ್ 2077 ಅನ್ನುವ ಗೇಮ್ ಒಂದನ್ನೇ ಇಳಿಸಿಕೊಂಡರೆ 60 ಜಿಬಿ ಹತ್ತಿರ ಹೋಗುತ್ತದೆ. ಭಾವ ಇನ್ನು ಬರುವುದು ಮುಂದಿನ ವರ್ಷ. ಅಲ್ಲಿವರೆಗೆ ನನ್ನದೊಂದು ಗೇಮ್ ಅಳಿಸಿ ಇನ್ನೊಂದು ಹಾಕುತ್ತಿದ್ದೇನೆ. ಹಸು ಇರುವ ಗೇಮನ್ನು ಮಾತ್ರ ಮುಟ್ಟುವ ಹಾಗಿಲ್ಲ ಅಂತ ಅಮ್ಮನ ಅಪ್ಪಣೆ ಆಗಿದೆ.